ಹೆಸರು ಗಟ್ಟಿಯಾಗುವ ಮೊದಲು: ಜನರೇಟಿವ್ ಎಐ ಕುರಿತ ಎಳೆಯ ಸಂಶೋಧನೆಯನ್ನು ಹುಡುಕಿದ ಒಂದು ಪ್ರಕರಣ

ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಸಂಶೋಧಕರಿಗೆ ಆಕರಗಳನ್ನು ಹುಡುಕಿಕೊಡುವುದು ನನ್ನ ಕೆಲಸ. 2024ರ ಫೆಬ್ರವರಿಯಲ್ಲಿ ಪಿಎಚ್‌ಡಿ ಮೊದಲ ವರ್ಷದ ಸಂಶೋಧಕಿಯೊಬ್ಬರು ಬಂದು, ಜನರೇಟಿವ್ ಕೃತಕ ಬುದ್ಧಿಮತ್ತೆಯ (ಪಠ್ಯ, ಚಿತ್ರಗಳನ್ನು ತಾನೇ ರಚಿಸುವ ಎಐ) ಬಗ್ಗೆ ಆರಂಭಿಕ ಹಂತದ ಶೈಕ್ಷಣಿಕ ಸಂಶೋಧನೆ ಎಲ್ಲೆಲ್ಲಿ ಸಿಗುತ್ತದೆ ಎಂದು ಕೇಳಿದರು. ಸಾಹಿತ್ಯ ಸಮೀಕ್ಷೆಯ ಅಧ್ಯಾಯಕ್ಕೆ ಅದು ಬೇಕಿತ್ತು, ಆಗಸ್ಟ್ ಕೊನೆಗೆ ಅಧ್ಯಾಯವನ್ನು ಮಾರ್ಗದರ್ಶಕರ ಕೈಗೆ ಕೊಡಬೇಕಿತ್ತು. ಏಳು ತಿಂಗಳು ನಡೆದ ಆ ಹುಡುಕಾಟವನ್ನು ಇಲ್ಲಿ ಪೂರ್ತಿಯಾಗಿ ದಾಖಲಿಸುತ್ತಿದ್ದೇನೆ. ನಾವು ಎಡವಿದ ಜಾಗಗಳು ಈ ಕ್ಷೇತ್ರದಲ್ಲಿ ಹುಡುಕಲು ಹೊರಡುವ ಯಾರೇ ಆದರೂ ಎಡವುವ ಜಾಗಗಳು ಎಂಬುದೇ ಅದಕ್ಕೆ ಕಾರಣ.

ಮೊದಲ ತಪ್ಪು ನನ್ನದೇ. ‘ಆರಂಭಿಕ ಹಂತದ ಸಂಶೋಧನೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕ್ಷೇತ್ರವು ಕಣ್ಣುಬಿಟ್ಟ ಕಾಲದ ಹಳೆಯ ಪ್ರಬಂಧಗಳು ಎಂಬುದು ಒಂದು; ಈಗಷ್ಟೇ ನಡೆಯುತ್ತಿರುವ, ಪರಿಣತರ ಪರಿಶೀಲನೆ ಇನ್ನೂ ಮುಗಿಯದ, ತೀರ್ಮಾನಗಳು ನಾಳೆ ಬದಲಾಗಬಹುದಾದ ಕೆಲಸ ಎಂಬುದು ಇನ್ನೊಂದು. ನಾನು ಮೊದಲನೆಯ ಅರ್ಥವನ್ನು ಹಿಡಿದು, 2013ರ ಡಿಸೆಂಬರ್‌ನಲ್ಲಿ ಕಿಂಗ್ಮಾ ಮತ್ತು ವೆಲ್ಲಿಂಗ್ ಹೊರತಂದ ವೇರಿಯೇಷನಲ್ ಆಟೋಎನ್‌ಕೋಡರ್, 2014ರ ಜೂನ್‌ನಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಮುಂದಿಟ್ಟ ಗ್ಯಾನ್, 2017ರ ಜೂನ್‌ನಲ್ಲಿ ಬಂದ, ಇಂದಿನ ಭಾಷಾ ಮಾದರಿಗಳಿಗೆ ತಳಹದಿಯಾದ ಟ್ರಾನ್ಸ್‌ಫಾರ್ಮರ್ ಎಂದು ಹಳೆಯ ವಿಧಾನಗಳನ್ನು ಪಟ್ಟಿ ಮಾಡತೊಡಗಿದೆ. ಅವರು ಸೌಜನ್ಯದಿಂದ ಅರ್ಧ ಗಂಟೆ ಕೇಳಿಸಿಕೊಂಡು, ಇವೆಲ್ಲ ತಮಗೆ ಗೊತ್ತಿದೆ, ತಮಗೆ ಬೇಕಾದದ್ದು ಇನ್ನೂ ಇತ್ಯರ್ಥವಾಗದ ವಿಷಯದ ಮೇಲಿನ ಕೆಲಸ ಎಂದರು. ಕೇಳುವವರ ಪ್ರಶ್ನೆಯನ್ನು ಮೊದಲು ಅವರ ಬಾಯಿಂದಲೇ ಪೂರ್ತಿ ಹೇಳಿಸಬೇಕೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಅದನ್ನು ನಾನು ಆ ದಿನ ಮರೆತಿದ್ದೆ.

ಅವರ ಪ್ರಶ್ನೆ ನಿಜಕ್ಕೂ ಸ್ಪಷ್ಟವಾಗಿಯೇ ಇತ್ತು. ಯಂತ್ರಗಳು ಬರೆದ ಪಠ್ಯ, ಯಂತ್ರಗಳು ರಚಿಸಿದ ಚಿತ್ರ ಅಂತರ್ಜಾಲದಲ್ಲಿ ತುಂಬಿಕೊಳ್ಳುತ್ತಿವೆ. ಮುಂದಿನ ಎಐ ಮಾದರಿಗಳಿಗೆ ತರಬೇತಿಯ ದತ್ತಾಂಶ ಸಿಗುವುದೂ ಅದೇ ಅಂತರ್ಜಾಲದಿಂದ. ಹೀಗೆ ಯಂತ್ರವು ತಾನು ಬರೆದದ್ದನ್ನೇ ಓದಿ ಕಲಿಯುತ್ತ ಹೋದರೆ ಏನಾಗುತ್ತದೆ? ಈ ಒಂದು ಪ್ರಶ್ನೆಯ ಸುತ್ತ ಅಲ್ಲಿಯವರೆಗೆ ಯಾರ್ಯಾರು ಏನೇನು ಮಾಡಿದ್ದಾರೆ ಎಂಬುದನ್ನು ಅವರು ತಿಳಿಯಬೇಕಿತ್ತು. ಆ ವಾಕ್ಯವನ್ನು ಒಂದು ಹಾಳೆಯ ಮೇಲೆ ಅವರ ಮಾತಿನಲ್ಲಿಯೇ ಬರೆಸಿ ಮೇಜಿನ ಮೇಲಿಟ್ಟುಕೊಂಡೆವು. ಕೊನೆಗೆ ನಮ್ಮನ್ನು ದಡ ಸೇರಿಸಿದ್ದು ಆ ಹಾಳೆಯೇ.

ತಂದ ಪಟ್ಟಿಯ ಪರಿಶೀಲನೆ

ಬರುವಾಗಲೇ ಅವರ ಬಳಿ ಹತ್ತು ಉಲ್ಲೇಖಗಳ ಪಟ್ಟಿಯೊಂದಿತ್ತು. ಸಂಭಾಷಣಾ ಎಐ ಒಂದನ್ನು ಕೇಳಿ ಪಡೆದ ಪಟ್ಟಿ ಅದು. ನೋಡಲು ಅಚ್ಚುಕಟ್ಟಾಗಿತ್ತು, ಲೇಖಕರ ಹೆಸರು, ವರ್ಷ, ಪ್ರಕಟವಾದ ಜಾಗ ಎಲ್ಲವೂ ಇದ್ದವು. ಒಂದೊಂದನ್ನೇ ತೆರೆದು ನೋಡುತ್ತ ಹೋದಾಗ ಕೆಲವು ನಿಜವಾಗಿದ್ದವು, ಕೆಲವಕ್ಕೆ ಶೀರ್ಷಿಕೆ ಸರಿಯಿದ್ದು ಲೇಖಕರು ಬೇರೆಯಾಗಿದ್ದರು, ಮೂರು ಪ್ರಬಂಧಗಳು ಎಲ್ಲಿಯೂ ಇರಲಿಲ್ಲ. ಆ ಮೂರರಲ್ಲಿ ಒಂದನ್ನು ಹಿಡಿಯಲು ಹುಡುಕುವ ಅಗತ್ಯವೂ ಬೀಳಲಿಲ್ಲ. ಅದಕ್ಕೆ ಕೊಟ್ಟಿದ್ದ ಆರ್ಕೈವ್ ಸಂಖ್ಯೆ 2315 ಎಂದು ಆರಂಭವಾಗುತ್ತಿತ್ತು.

ಆರ್ಕೈವ್ ಎಂದರೆ ಪಾಲ್ ಗಿನ್ಸ್‌ಪಾರ್ಗ್ 1991ರ ಆಗಸ್ಟ್‌ನಲ್ಲಿ ಲಾಸ್ ಅಲಾಮೋಸ್‌ನಲ್ಲಿ ಭೌತವಿಜ್ಞಾನಿಗಳಿಗಾಗಿ ಆರಂಭಿಸಿದ, 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸ್ಥಳಾಂತರಗೊಂಡ ಪ್ರೀಪ್ರಿಂಟ್ ಭಂಡಾರ, ಅಂದರೆ ಪರಿಣತರ ಪರಿಶೀಲನೆಗೂ ಮೊದಲೇ ಪ್ರಬಂಧಗಳನ್ನು ಹಂಚಿಕೊಳ್ಳುವ ಜಾಗ. ಯಂತ್ರಕಲಿಕೆಯ ಹೊಸ ಕೆಲಸ ಬಹುಪಾಲು ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯೇ. 2007ರ ಏಪ್ರಿಲ್‌ನಿಂದ ಇಲ್ಲಿನ ಪ್ರತಿ ಪ್ರಬಂಧದ ಸಂಖ್ಯೆಯ ಮೊದಲ ನಾಲ್ಕು ಅಂಕಿಗಳು ವರ್ಷ ಮತ್ತು ತಿಂಗಳನ್ನು ಸೂಚಿಸುತ್ತವೆ: 2305 ಎಂದರೆ 2023ರ ಮೇ, 2211 ಎಂದರೆ 2022ರ ನವೆಂಬರ್. 2315 ಎಂದರೆ 2023ರ ಹದಿನೈದನೆಯ ತಿಂಗಳು! ಸಂಶೋಧಕಿ ಆ ಅಂಕಿಗಳನ್ನು ಎರಡು ಸಲ ಓದಿ, ಪೆನ್ಸಿಲ್‌ನಿಂದ ಆ ಸಾಲಿನ ಮೇಲೆ ಗೆರೆ ಎಳೆದರು. ಅದಾದ ಮೇಲೆ, ತೆರೆದು ನೋಡದ ಯಾವ ಪ್ರಬಂಧವೂ ನಮ್ಮ ಟಿಪ್ಪಣಿಗೆ ಬರಬಾರದೆಂದು ನಿಶ್ಚಯಿಸಿದೆವು. ಎಐ ಸಾಧನಗಳಿಂದ ಹುಡುಕಾಟಕ್ಕೆ ಬೇಕಾದ ಪದಗಳ ಸುಳಿವು ಸಿಗಬಹುದು. ಪ್ರಬಂಧ ಇದೆಯೋ ಇಲ್ಲವೋ ಎಂಬುದಕ್ಕೆ ಅವುಗಳ ಮಾತನ್ನು ಸಾಕ್ಷಿಯಾಗಿ ಸ್ವೀಕರಿಸಲು ಬರುವುದಿಲ್ಲ.

ಆರ್ಕೈವ್‌ನ ಬಗ್ಗೆ ಇನ್ನೊಂದು ಮಾತನ್ನು ಅವರಿಗೆ ಮೊದಲೇ ಹೇಳಿದೆ. ಅಲ್ಲಿನ ನಿರ್ವಾಹಕರು ಬಂದ ಬರಹ ವಿಷಯಕ್ಕೆ ಹೊಂದುತ್ತದೆಯೇ, ವಿದ್ವತ್ತಿನ ಸ್ವರೂಪದಲ್ಲಿದೆಯೇ ಎಂದಷ್ಟೇ ನೋಡುತ್ತಾರೆ; ತೀರ್ಮಾನ ಸರಿಯೋ ತಪ್ಪೋ ಎಂಬುದನ್ನು ಅಲ್ಲಿ ಯಾರೂ ಪರೀಕ್ಷಿಸುವುದಿಲ್ಲ. ಪ್ರೀಪ್ರಿಂಟ್‌ಗಳು ಬೇಗ ಹೊರಬರುವುದು ಅದರಿಂದಲೇ, ಅವನ್ನು ಎಚ್ಚರದಿಂದ ಓದಬೇಕಾದದ್ದೂ ಅದರಿಂದಲೇ.

ಪದ ಹಿಡಿದು ಹುಡುಕಿದ ವಾರ

ಮೊದಲ ವಾರ ನಾವು ಪದಗಳನ್ನು ನಂಬಿದೆವು. ಈ ವಿದ್ಯಮಾನಕ್ಕೆ ‘ಮಾಡೆಲ್ ಕೊಲ್ಯಾಪ್ಸ್’ ಎಂಬ ಹೆಸರಿದೆ ಎಂದು ಸಂಶೋಧಕಿಗೆ ಗೊತ್ತಿತ್ತು. ಅದನ್ನು ಹುಡುಕುವ ಚೌಕದಲ್ಲಿ ಹಾಕಿದಾಗ ಬಂದ ಫಲಿತಾಂಶಗಳಲ್ಲಿ ದೊಡ್ಡ ಪಾಲು ‘ಮೋಡ್ ಕೊಲ್ಯಾಪ್ಸ್’ ಕುರಿತಾಗಿದ್ದವು. ಇಂಗ್ಲಿಷ್ ಕಾಗುಣಿತದಲ್ಲಿ ಇವೆರಡರ ನಡುವೆ ಇರುವುದು ಒಂದೇ ಅಕ್ಷರದ ಅಂತರ, ಆದರೆ ವಿಷಯಗಳು ಬೇರೆ ಬೇರೆ. ಚಿತ್ರ ರಚಿಸುವ ಗ್ಯಾನ್ ಮಾದರಿಗೆ ತರಬೇತಿ ಕೊಡುವಾಗ ಅದು ದತ್ತಾಂಶದ ವೈವಿಧ್ಯವನ್ನೆಲ್ಲ ಬಿಟ್ಟು ಕೆಲವೇ ಬಗೆಯ ಚಿತ್ರಗಳನ್ನು ಮತ್ತೆ ಮತ್ತೆ ಕೊಡತೊಡಗುವುದು ಮೋಡ್ ಕೊಲ್ಯಾಪ್ಸ್. ಅದು ಒಂದೇ ತರಬೇತಿಯ ಒಳಗೆ ನಡೆಯುವ ದೋಷ. ಮಾಡೆಲ್ ಕೊಲ್ಯಾಪ್ಸ್ ತಲೆಮಾರುಗಳ ಮೇಲೆ ನಡೆಯುವಂಥದ್ದು: ಒಂದು ಮಾದರಿಯ ಉತ್ಪನ್ನ ಮುಂದಿನದರ ಆಹಾರವಾಗಿ, ಅದರ ಉತ್ಪನ್ನ ಅದರ ಮುಂದಿನದಕ್ಕೆ ಹೋಗಿ, ಅಪರೂಪದ ಸಂಗತಿಗಳು ಮೊದಲು ಅಳಿಸಿಹೋಗುತ್ತವೆ, ಆಮೇಲೆ ಉಳಿದದ್ದೂ ಕಿರಿದಾಗುತ್ತ ಬರುತ್ತದೆ. ಅಂಚಿನಲ್ಲಿರುವುದು ಕಳೆದುಹೋಗುವ ಲಕ್ಷಣ ಎರಡರಲ್ಲೂ ಇರುವುದರಿಂದ, ಸಾರಾಂಶವನ್ನು ಅವಸರದಲ್ಲಿ ಓದಿದವರಿಗೆ ವ್ಯತ್ಯಾಸ ಕಾಣುವುದಿಲ್ಲ. ಸಂಶೋಧಕಿ ಎರಡು ದಿನ ಕೂತು ಓದಿದ ಪ್ರಬಂಧಗಳಲ್ಲಿ ಆರನ್ನು ಹೀಗೆಯೇ ಬದಿಗಿಡಬೇಕಾಯಿತು.

‘ಜನರೇಟಿವ್ ಎಐ’ ಎಂಬ ಪದವೂ ನೆರವಾಗಲಿಲ್ಲ. ಅದು ಜನರ ಬಾಯಿಗೆ ಬಂದದ್ದು 2022ರ ನಂತರ. ಅದಕ್ಕೂ ಹಿಂದಿನ ಸಂಶೋಧಕರು ‘ಜನರೇಟಿವ್ ಮಾದರಿ’ ಎಂದೋ, ‘ಭಾಷಾ ಮಾದರಿ’ ಎಂದೋ, ಅಥವಾ ತಮ್ಮ ಗಣಿತದ ವಿಧಾನದ ಹೆಸರಿನಿಂದಲೋ ಕೆಲಸವನ್ನು ಕರೆಯುತ್ತಿದ್ದರು.

ಇದು ಈ ಒಂದು ವಿಷಯದ ದುರದೃಷ್ಟವೇನೂ ಅಲ್ಲ, ಎಳೆಯ ಸಂಶೋಧನೆಯ ಸ್ವಭಾವವೇ ಹಾಗೆ ಎಂದು ಅವರಿಗೆ ಮನದಟ್ಟು ಮಾಡಲು ಚಿತ್ರ ರಚಿಸುವ ಡಿಫ್ಯೂಷನ್ ಮಾದರಿಗಳ ಕಥೆಯನ್ನು ತೆರೆದು ತೋರಿಸಿದೆ. ಇವುಗಳ ಮೂಲ ಕಲ್ಪನೆ ಇರುವ, ಸೋಲ್-ಡಿಕ್‌ಸ್ಟೈನ್ ಮತ್ತು ಮೂವರು ಸಂಗಡಿಗರ ಪ್ರಬಂಧ ಬಂದದ್ದು 2015ರ ಮಾರ್ಚ್‌ನಲ್ಲಿ. ಅದರ ಶೀರ್ಷಿಕೆಯಲ್ಲಿ ಇರುವುದು ಅಸಮತೋಲ ಉಷ್ಣಗತಿವಿಜ್ಞಾನ. ಡಿಫ್ಯೂಷನ್ ಎಂಬ ಪದ ಅಲ್ಲಿಲ್ಲ. 2019ರಲ್ಲಿ ಯಾಂಗ್ ಸಾಂಗ್ ಮತ್ತು ಸ್ಟೆಫಾನೊ ಎರ್ಮಾನ್ ಬೇರೊಂದು ದಾರಿಯಿಂದ ಹತ್ತಿರದ ಜಾಗಕ್ಕೇ ಬಂದು ತಲುಪಿದರು, ಅವರ ಶೀರ್ಷಿಕೆಯಲ್ಲಿಯೂ ಆ ಪದವಿಲ್ಲ, ಅಲ್ಲಿರುವುದು ದತ್ತಾಂಶ ವಿತರಣೆಯ ಗ್ರೇಡಿಯೆಂಟ್ ಅಂದಾಜು. 2020ರ ಜೂನ್‌ನಲ್ಲಿ ಹೋ, ಜೈನ್ ಮತ್ತು ಅಬೀಲ್ ಅವರ ಪ್ರಬಂಧ ಬಂದ ಮೇಲೆಯೇ ಶೀರ್ಷಿಕೆಯಲ್ಲಿ ಡಿಫ್ಯೂಷನ್ ನೆಲೆ ನಿಂತಿತು. 2019ರಲ್ಲಿ ಯಾರಾದರೂ ಆ ಪದವನ್ನು ಶೀರ್ಷಿಕೆಗಳಲ್ಲಿ ಹುಡುಕಿದ್ದರೆ, ಮುಂದೆ ಇಡೀ ಕ್ಷೇತ್ರವನ್ನು ಬದಲಿಸಲಿದ್ದ ಎರಡು ಪ್ರಬಂಧಗಳೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹೊಸ ವಿಷಯದಲ್ಲಿ ಕೆಲಸ ಮೊದಲು ಬರುತ್ತದೆ, ಹೆಸರು ಆಮೇಲೆ ಬರುತ್ತದೆ. ಹೆಸರನ್ನೇ ಹಿಡಿದು ಹುಡುಕುವವರಿಗೆ ಹೆಸರು ಬಂದ ನಂತರದ ಕೆಲಸ ಮಾತ್ರ ಸಿಗುತ್ತದೆ.

ಉಲ್ಲೇಖದ ಎಳೆ ಹಿಡಿದು

ಹಾಗಾಗಿ ಎರಡನೆಯ ವಾರದಿಂದ ದಾರಿ ಬದಲಿಸಿದೆವು. ಗಟ್ಟಿಯಾದ ಒಂದು ಪ್ರಬಂಧವನ್ನು ಹಿಡಿದು, ಅದು ಯಾರನ್ನು ಉಲ್ಲೇಖಿಸಿದೆ ಎಂದು ಹಿಂದಕ್ಕೂ, ಅದನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ಮುಂದಕ್ಕೂ ಹೋಗುವುದು. ಹಿಂದಕ್ಕೆ ಹೋಗುವುದು ವಿದ್ವಾಂಸರಿಗೆಲ್ಲ ಗೊತ್ತಿದ್ದದ್ದೇ. ಮುಂದಕ್ಕೆ ಹೋಗುವ ಸೌಲಭ್ಯವನ್ನು ಯೂಜಿನ್ ಗಾರ್ಫೀಲ್ಡ್ 1955ರಲ್ಲಿ ಕಲ್ಪಿಸಿ, 1964ರಲ್ಲಿ ವಿಜ್ಞಾನದ ಉಲ್ಲೇಖ ಸೂಚಿಯಾಗಿ ಹೊರತಂದರು. ಅಂದು ದಪ್ಪ ಸಂಪುಟಗಳಲ್ಲಿ ಬೆರಳಾಡಿಸಿ ಮಾಡುತ್ತಿದ್ದ ಕೆಲಸವನ್ನು ಇಂದು 2004ರ ಗೂಗಲ್ ಸ್ಕಾಲರ್, 2015ರ ಸೆಮ್ಯಾಂಟಿಕ್ ಸ್ಕಾಲರ್, 2022ರ ಓಪನ್‌ಅಲೆಕ್ಸ್ ಒಂದು ಒತ್ತಿನಲ್ಲಿ ಮಾಡುತ್ತವೆ. ಇವುಗಳಲ್ಲಿ ಯಾವುದೂ ಪೂರ್ಣವಲ್ಲ, ಪ್ರೀಪ್ರಿಂಟ್‌ಗಳ ವಿಷಯದಲ್ಲಿ ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ ಕನಿಷ್ಠ ಎರಡನ್ನು ಒಟ್ಟಿಗೆ ನೋಡುವುದು ನನ್ನ ರೂಢಿ.

ಬೀಜವಾಗಿ ಆರಿಸಿಕೊಂಡದ್ದು ಇಲ್ಯಾ ಶುಮೈಲೋವ್ ಮತ್ತು ಸಂಗಡಿಗರು 2023ರ ಮೇ ತಿಂಗಳಲ್ಲಿ ಆರ್ಕೈವ್‌ಗೆ ಹಾಕಿದ ಪ್ರೀಪ್ರಿಂಟ್. ಮಾಡೆಲ್ ಕೊಲ್ಯಾಪ್ಸ್ ಎಂಬ ಪದವನ್ನು ಈ ಅರ್ಥದಲ್ಲಿ ಹರಡಿದ್ದು ಅದೇ, ಆದರೂ ಅದರ ಶೀರ್ಷಿಕೆಯಲ್ಲಿ ಆ ಪದವಿಲ್ಲ, ‘ಪುನರಾವರ್ತನೆಯ ಶಾಪ’ ಎಂಬ ಅರ್ಥದ ಮಾತಿದೆ. ಅಲ್ಲಿಂದ ಎಳೆ ಹಿಡಿದು ಹೊರಟಾಗ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಎದುರಾಗತೊಡಗಿತು. ಸೀನಾ ಅಲೆಮೊಹಮ್ಮದ್ ಮತ್ತು ಸಂಗಡಿಗರು 2023ರ ಜುಲೈನಲ್ಲಿ ಇದನ್ನು ಮಾದರಿಯು ತನ್ನನ್ನೇ ತಿನ್ನುವ ರೋಗವೆಂದು ಕರೆದು, ಹುಚ್ಚು ಹಸುವಿನ ರೋಗಕ್ಕೆ ಹೋಲಿಸಿದ್ದರು. ಕ್ವೆಂಟಿನ್ ಬರ್ಟ್ರಾಂಡ್ ಮತ್ತು ಸಂಗಡಿಗರು ಯಾವ ರೂಪಕಕ್ಕೂ ಕೈಹಾಕದೆ, ಸ್ವಂತ ದತ್ತಾಂಶದ ಮೇಲೆ ಮರುತರಬೇತಿಯ ಸ್ಥಿರತೆ ಎಂದು ಗಣಿತದ ಭಾಷೆಯಲ್ಲಿ ಕೇಳಿದ್ದರು; ಮೊದಲ ಮಾದರಿ ಸಾಕಷ್ಟು ಚೆನ್ನಾಗಿದ್ದು, ನಿಜವಾದ ದತ್ತಾಂಶದ ಪಾಲು ಸಾಕಷ್ಟು ದೊಡ್ಡದಾಗಿದ್ದರೆ ಪ್ರಕ್ರಿಯೆ ಸ್ಥಿರವಾಗಿ ಉಳಿಯುತ್ತದೆ ಎಂಬುದು ಅವರ ಉತ್ತರ. ಎಲ್ಲಕ್ಕಿಂತ ಸಂತೋಷ ಕೊಟ್ಟದ್ದು ಹತಾಯಾ, ಬಾವೊ ಮತ್ತು ಅರಾಯ್ ಅವರ ಪ್ರಬಂಧ. ದೊಡ್ಡ ಜನರೇಟಿವ್ ಮಾದರಿಗಳು ನಾಳೆಯ ದತ್ತಾಂಶಗಳನ್ನು ಕೆಡಿಸುತ್ತವೆಯೇ ಎಂದು ಚಿತ್ರಗಳನ್ನು ಮುಂದಿಟ್ಟುಕೊಂಡು ಅವರು ಕೇಳಿದ್ದು 2022ರ ನವೆಂಬರ್‌ನಲ್ಲಿ, ಆ ತಿಂಗಳ 30ರಂದು ಚಾಟ್‌ಜಿಪಿಟಿ ಬಿಡುಗಡೆಯಾಗುವುದಕ್ಕೂ ಮುಂಚೆ. ನಾವು ಪದ ಹಿಡಿದು ಹುಡುಕಿದ ವಾರದಲ್ಲಿ ಈ ನಾಲ್ಕರಲ್ಲಿ ಮೊದಲನೆಯದು ಮಾತ್ರ ಸಿಕ್ಕಿತ್ತು.

ಇನ್ನೊಂದು ಆಕರವನ್ನು ನಮ್ಮಲ್ಲಿ ಅನೇಕರು ಆಕರವೆಂದೇ ಎಣಿಸುವುದಿಲ್ಲ. ಅದು ಪರಿಶೀಲಕರ ವರದಿ. ಯಂತ್ರಕಲಿಕೆಯ ಐಸಿಎಲ್ಆರ್ ಸಮ್ಮೇಳನಕ್ಕೆ ಬಂದ ಪ್ರಬಂಧಗಳ ಪರಿಶೀಲನೆ, ಲೇಖಕರ ಉತ್ತರ, ಅಂತಿಮ ನಿರ್ಧಾರ ಎಲ್ಲವೂ ಓಪನ್‌ರಿವ್ಯೂ ಎಂಬ ವೇದಿಕೆಯಲ್ಲಿ ಎಲ್ಲರಿಗೂ ತೆರೆದಿರುತ್ತವೆ. ಅಲೆಮೊಹಮ್ಮದ್ ಮತ್ತು ಬರ್ಟ್ರಾಂಡ್ ತಂಡಗಳ ಪ್ರಬಂಧಗಳೆರಡೂ 2024ರ ಐಸಿಎಲ್ಆರ್‌ಗೆ ಅಂಗೀಕೃತವಾಗಿದ್ದರಿಂದ ಅವುಗಳ ಸುತ್ತ ನಡೆದ ಚರ್ಚೆಯನ್ನು ಓದಲು ಸಾಧ್ಯವಾಯಿತು. ಈ ಪ್ರಯೋಗದ ಮಿತಿ ಏನು, ಯಾವ ಊಹೆ ವಾಸ್ತವಕ್ಕೆ ದೂರ, ಯಾವ ಹಿಂದಿನ ಕೆಲಸವನ್ನು ಹೆಸರಿಸಬೇಕಿತ್ತು ಎಂದು ವಿಷಯ ಬಲ್ಲವರು ಎತ್ತುವ ಆಕ್ಷೇಪಣೆಗಳನ್ನು ಒಬ್ಬ ಹೊಸ ಸಂಶೋಧಕಿ ಇಷ್ಟು ಹತ್ತಿರದಿಂದ ನೋಡಬಹುದಾದ ಅವಕಾಶ ಬೇರೆ ಬಹುಪಾಲು ಕ್ಷೇತ್ರಗಳಲ್ಲಿ ಇಲ್ಲ. ಅವರು ಆ ಚರ್ಚೆಗಳನ್ನು ಮುದ್ರಿಸಿಕೊಂಡು, ಪ್ರಬಂಧಗಳಿಗಿಂತ ಹೆಚ್ಚು ಗುರುತುಗಳನ್ನು ಅವುಗಳ ಮೇಲೆ ಹಾಕಿದ್ದರು.

ಟಿಪ್ಪಣಿಯ ನಾಲ್ಕನೆಯ ಅಂಕಣ

ಪ್ರತಿ ಪ್ರಬಂಧಕ್ಕೂ ಲೇಖಕರು, ದಿನಾಂಕ, ವಿಷಯ ಎಂಬ ಮೂರು ಅಂಕಣಗಳ ಟಿಪ್ಪಣಿಯನ್ನು ಅವರು ಇಟ್ಟುಕೊಂಡಿದ್ದರು. ನಾನು ನಾಲ್ಕನೆಯದೊಂದನ್ನು ಸೇರಿಸಲು ಹೇಳಿದೆ: ಪ್ರಬಂಧದ ಸ್ಥಿತಿ ಮತ್ತು ಅದನ್ನು ನೋಡಿದ ದಿನ. ಪ್ರೀಪ್ರಿಂಟ್ ಆದರೆ ಎಷ್ಟನೆಯ ಆವೃತ್ತಿ, ಕಾರ್ಯಾಗಾರದಲ್ಲಿ ಮಂಡಿಸಿದ್ದೇ, ಸಮ್ಮೇಳನಕ್ಕೆ ಅಂಗೀಕೃತವೇ, ನಿಯತಕಾಲಿಕದಲ್ಲಿ ಅಚ್ಚಾಗಿದೆಯೇ. ಆರ್ಕೈವ್‌ನಲ್ಲಿ ಹಳೆಯ ಆವೃತ್ತಿಗಳು ಅಳಿಸಿಹೋಗುವುದಿಲ್ಲ, ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ಎಳೆಯ ಸಂಶೋಧನೆಯಲ್ಲಿ ಲೇಖಕರು ಯಾವ ಮಾತನ್ನು ಎರಡನೆಯ ಸಲ ಮೆತ್ತಗೆ ಮಾಡಿದ್ದಾರೆ ಎಂಬುದು ಅವರು ಮೊದಲ ಸಲ ಹೇಳಿದ್ದಕ್ಕಿಂತ ಹೆಚ್ಚನ್ನು ತಿಳಿಸುತ್ತದೆ. ಈ ಅಂಕಣವನ್ನು ತುಂಬುವುದು ಬೇಸರದ ಕೆಲಸ, ಅವರಿಗೂ ಹಾಗನ್ನಿಸಿತ್ತು. ಏಪ್ರಿಲ್‌ವರೆಗೆ ಮಾತ್ರ.

ಬೀಜ ಪ್ರಬಂಧವನ್ನು ಯಾರಾದರೂ ಹೊಸದಾಗಿ ಉಲ್ಲೇಖಿಸಿದರೆ ತಿಳಿಸುವಂತೆ ಫೆಬ್ರವರಿಯಲ್ಲಿಯೇ ಎಚ್ಚರಿಕೆ ಸಂದೇಶವನ್ನು ಹೊಂದಿಸಿಟ್ಟಿದ್ದೆವು. 2024ರ ಏಪ್ರಿಲ್‌ನಲ್ಲಿ ಅದರ ಮೂಲಕ ಬಂದದ್ದು ಮಥಿಯಾಸ್ ಗೆರ್ಸ್ಟ್‌ಗ್ರಾಸರ್ ಮತ್ತು ಸಂಗಡಿಗರ ಪ್ರೀಪ್ರಿಂಟ್. ಕುಸಿತ ಅನಿವಾರ್ಯವೇ ಎಂದು ಶೀರ್ಷಿಕೆಯಲ್ಲಿಯೇ ಕೇಳುವ ಆ ಪ್ರಬಂಧದ ವಾದ ಹೀಗಿದೆ: ಹಿಂದಿನ ಅಧ್ಯಯನಗಳು ಪ್ರತಿ ತಲೆಮಾರಿನಲ್ಲಿ ಹಳೆಯ ದತ್ತಾಂಶವನ್ನು ತೆಗೆದುಹಾಕಿ ಆ ಜಾಗದಲ್ಲಿ ಯಂತ್ರ ರಚಿಸಿದ್ದನ್ನು ತುಂಬುತ್ತವೆ, ನಿಜಜೀವನದಲ್ಲಿ ಹಳೆಯದು ಉಳಿದುಕೊಂಡು, ಹೊಸದು ಅದರ ಜೊತೆಗೆ ಸೇರುತ್ತ ಹೋಗುತ್ತದೆ, ಹಾಗೆ ಕೂಡಿಸುತ್ತ ಹೋದರೆ ದೋಷವು ಒಂದು ಮಿತಿಯನ್ನು ದಾಟುವುದಿಲ್ಲ. ಅಷ್ಟು ಹೊತ್ತಿಗೆ ಸಂಶೋಧಕಿ ಅಧ್ಯಾಯದ ಅರ್ಧ ಭಾಗ ಬರೆದಿದ್ದರು, ಮಾದರಿಗಳು ಕುಸಿಯುತ್ತವೆ ಎಂಬ ವಾಕ್ಯದಿಂದ ಅದು ಆರಂಭವಾಗುತ್ತಿತ್ತು. ಆ ದಿನ ಅವರು ನನ್ನ ಎದುರಿನ ಕುರ್ಚಿಯಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಆಮೇಲೆ ಎದ್ದು ಟಿಪ್ಪಣಿಯನ್ನು ತೆಗೆದು, ಐದನೆಯ ಅಂಕಣವನ್ನು ತಾವೇ ಎಳೆದರು: ಹಳೆಯ ದತ್ತಾಂಶವನ್ನು ತೆಗೆದರೇ, ಉಳಿಸಿಕೊಂಡರೇ? ಅದುವರೆಗೆ ಒಂದಕ್ಕೊಂದು ವಿರುದ್ಧವಾಗಿ ಕಂಡಿದ್ದ ಹಲವು ಫಲಿತಾಂಶಗಳು ಆ ಅಂಕಣ ತುಂಬುತ್ತಿದ್ದಂತೆ ಬೇರೆ ಬೇರೆ ಪ್ರಯೋಗಗಳ ಸಹಜ ಫಲಿತಾಂಶಗಳಾಗಿ ತೋರತೊಡಗಿದವು. ಅಧ್ಯಾಯವನ್ನು ಅವರು ಮೊದಲಿನಿಂದ ಬರೆದರು.

ಜುಲೈನಲ್ಲಿ ಇನ್ನೊಂದು ಬದಲಾವಣೆಯಾಯಿತು. ಶುಮೈಲೋವ್ ತಂಡದ ಕೆಲಸ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು, ಬೇರೆಯೇ ಶೀರ್ಷಿಕೆಯೊಂದಿಗೆ. ಶಾಪದ ಮಾತು ಹೋಗಿ, ಎಐ ಮಾದರಿಗಳು ಕುಸಿಯುತ್ತವೆ ಎಂಬ ನೇರವಾದ ಮಾತು ಬಂದಿತ್ತು. ನಮ್ಮ ಉಲ್ಲೇಖ ನಿರ್ವಹಣೆಯ ತಂತ್ರಾಂಶ ಅದನ್ನು ಹೊಸ ಪ್ರಬಂಧವೆಂದು ತಿಳಿದು ಮತ್ತೊಮ್ಮೆ ಸೇರಿಸಿಕೊಂಡಿತು. ನಾಲ್ಕನೆಯ ಅಂಕಣ ಇಲ್ಲದಿದ್ದರೆ, ಒಂದೇ ಅಧ್ಯಯನವು ಎರಡು ಸ್ವತಂತ್ರ ಸಾಕ್ಷಿಗಳಾಗಿ ಅಧ್ಯಾಯದಲ್ಲಿ ನಿಂತುಬಿಡುತ್ತಿತ್ತು. ಸಾಹಿತ್ಯ ಸಮೀಕ್ಷೆಗಳಲ್ಲಿ ಈ ದೋಷವನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ, ಓದುಗರಿಗೆ ಅದು ಗೊತ್ತಾಗುವುದೇ ಇಲ್ಲ.

ಹಾಳೆಗೆ ಮರಳಿ

ಆಗಸ್ಟ್ ಮೊದಲ ವಾರದಲ್ಲಿ ಮೇಜಿನ ಮೇಲಿದ್ದ ಆ ಹಾಳೆಯನ್ನು ಮತ್ತೊಮ್ಮೆ ಓದಿದೆವು: ಯಂತ್ರವು ತಾನು ಬರೆದದ್ದನ್ನೇ ಓದಿ ಕಲಿಯುತ್ತ ಹೋದರೆ ಏನಾಗುತ್ತದೆ? ಈ ವಾಕ್ಯದಲ್ಲಿ ಜನರೇಟಿವ್ ಎಐ ಎಂಬ ಪದವಿಲ್ಲ ಎಂಬುದನ್ನು ಅವರು ಗಮನಿಸಿದರು. ಹಾಗಾದರೆ ಇದಕ್ಕೂ ಮುಂಚೆ ಅಂತರ್ಜಾಲಕ್ಕೆ ರಾಶಿ ರಾಶಿ ಪಠ್ಯ ಸುರಿಯುತ್ತಿದ್ದ, ಅಲ್ಲಿಂದಲೇ ಕಲಿಯುತ್ತಿದ್ದ ಯಂತ್ರ ಯಾವುದು ಎಂದು ಅವರೇ ಕೇಳಿ, ಅವರೇ ಉತ್ತರ ಹೇಳಿದರು: ಅನುವಾದ ಯಂತ್ರ. ಭಾಷಾ ಗಣಕವಿಜ್ಞಾನದ ಪ್ರಬಂಧಗಳನ್ನು ಉಚಿತವಾಗಿ ಒದಗಿಸುವ ಎಸಿಎಲ್ ಆಂಥಾಲಜಿಯಲ್ಲಿ, ಯಂತ್ರಾನುವಾದದ ಉತ್ಪನ್ನವನ್ನು ಗುರುತಿಸುವುದು ಎಂಬ ಅರ್ಥದ ಪದಗಳನ್ನು ಹಾಕಿ ಒಂದು ಮಧ್ಯಾಹ್ನ ಹುಡುಕಿದೆವು.

2011ರ ಎರಡು ಪ್ರಬಂಧಗಳು ಸಿಕ್ಕವು. ರಾರಿಕ್, ಕ್ವಿರ್ಕ್ ಮತ್ತು ಲೂಯಿಸ್ ಅವರದು ಅಂತರ್ಜಾಲದಿಂದ ಸಂಗ್ರಹಿಸಿದ ದ್ವಿಭಾಷಾ ಪಠ್ಯದಲ್ಲಿ ಯಂತ್ರ ಅನುವಾದಿಸಿದ್ದನ್ನು ಪತ್ತೆಹಚ್ಚಿ ತೆಗೆಯುವ ಬಗೆ. ಅದೇ ವರ್ಷ ಭಾಷಾ ಗಣಕವಿಜ್ಞಾನದ ಇಎಂಎನ್‌ಎಲ್‌ಪಿ ಸಮ್ಮೇಳನದಲ್ಲಿ ವೇಣುಗೋಪಾಲ್ ಮತ್ತು ನಾಲ್ವರು ಸಂಗಡಿಗರು ಮಂಡಿಸಿದ್ದು ಇನ್ನೂ ಮುಂದಿನ ಮಾತು: ಅನುವಾದ ಯಂತ್ರವು ಹೆಚ್ಚುಕಡಿಮೆ ಸಮಾನ ಗುಣಮಟ್ಟದ ಹಲವು ಅನುವಾದಗಳಲ್ಲಿ ಒಂದನ್ನು ಒಂದು ಗುಪ್ತ ಕ್ರಮದಂತೆ ಆರಿಸಿದರೆ, ಓದುಗರಿಗೆ ಕಾಣದ ನೀರಚ್ಚೊಂದು (ವಾಟರ್‌ಮಾರ್ಕ್) ಪಠ್ಯದಲ್ಲಿ ಉಳಿಯುತ್ತದೆ, ಮುಂದೆ ತರಬೇತಿಗಾಗಿ ಪಠ್ಯ ಸಂಗ್ರಹಿಸುವಾಗ ಯಂತ್ರವು ತನ್ನದೇ ಬರಹವನ್ನು ಗುರುತಿಸಿ ಬಿಟ್ಟುಬಿಡಬಹುದು. ಹಾಳೆಯ ಮೇಲಿದ್ದ ಪ್ರಶ್ನೆಯನ್ನು ಹನ್ನೆರಡು ವರ್ಷ ಮೊದಲೇ ಕೇಳಿದ್ದಷ್ಟೇ ಅಲ್ಲ, ಅದಕ್ಕೊಂದು ಪರಿಹಾರವನ್ನೂ ಕಟ್ಟಿದ್ದರು. ಸಂಶೋಧಕಿ ಲೇಖಕರ ಹೆಸರುಗಳನ್ನು ಬರೆದುಕೊಳ್ಳುತ್ತ ಎರಡನೆಯ ಹೆಸರಿನಲ್ಲಿ ತಡೆದರು. ಜಾಕೋಬ್ ಉಸ್ಕೊರೈಟ್. 2017ರ ಟ್ರಾನ್ಸ್‌ಫಾರ್ಮರ್ ಪ್ರಬಂಧದ ಎಂಟು ಲೇಖಕರಲ್ಲಿ ಒಬ್ಬರು.

ಈ ಎರಡು ಪ್ರಬಂಧಗಳು ಜನರೇಟಿವ್ ಎಐ ಕುರಿತವು ಎನ್ನಲಾಗದು ಎಂದು ಮಾರ್ಗದರ್ಶಕರು ಆಕ್ಷೇಪಿಸಿದರು. ಸಂಶೋಧಕಿ ಅವುಗಳನ್ನು ತೆಗೆಯಲಿಲ್ಲ; ಎರಡನ್ನೂ ಅಧ್ಯಾಯದ ಮೊದಲ ಪುಟಕ್ಕೆ ತಂದು, ಪ್ರಶ್ನೆ ಇಲ್ಲಿ ಬೇರೆ ಹೆಸರಿನಲ್ಲಿ ಇತ್ತು ಎಂದು ಒಂದೇ ವಾಕ್ಯದಲ್ಲಿ ಕಾರಣ ಬರೆದರು. ಮಾರ್ಗದರ್ಶಕರು ಒಪ್ಪಿದರು. ಆಗಸ್ಟ್ 30ರ ಸಂಜೆ ಅಧ್ಯಾಯ ಸಲ್ಲಿಸುವ ಮೊದಲು ಸಂಶೋಧಕಿ ನಾಲ್ಕನೆಯ ಅಂಕಣದ ಪ್ರತಿ ಸಾಲನ್ನೂ ಮತ್ತೊಮ್ಮೆ ತೆರೆದು ನೋಡಿ, ಆ ದಿನದ ದಿನಾಂಕವನ್ನು ಎಲ್ಲದರ ಎದುರಿಗೂ ಬರೆದರು.